ನೆನೆಯುವುದೇ ಭಕ್ತಿ: ಒಂದು ಜರ್ಮನ್ ಪದದ ಬೇರು



ಜರ್ಮನ್ ಭಾಷೆಯಲ್ಲಿ ‘ಅನ್‌ಡಖ್ಟ್’ ಎಂಬ ಪದವಿದೆ. ಬೆಳಗ್ಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬೈಬಲ್ಲಿನ ನಾಲ್ಕು ಮಾತು ಓದಿ, ಒಂದು ಹಾಡು ಹೇಳಿ, ಪ್ರಾರ್ಥನೆ ಮಾಡಿ ಏಳುತ್ತಾರಲ್ಲ, ಅದಕ್ಕೆ ಅನ್‌ಡಖ್ಟ್ ಎನ್ನುತ್ತಾರೆ. ಹಾಗೆ ಕುಳಿತಾಗ ಮನಸ್ಸಿನಲ್ಲಿ ಇರಬೇಕಾದ ಭಕ್ತಿಗೂ ಅದೇ ಹೆಸರು. ಒಳ್ಳೆಯ ಸಂಗೀತವನ್ನು ಮೈಮರೆತು ಕೇಳುವವನ ತಲ್ಲೀನತೆಯನ್ನು ಹೇಳುವಾಗಲೂ ಜರ್ಮನರ ಬಾಯಲ್ಲಿ ಈ ಪದವೇ ಬರುತ್ತದೆ. ಎಲ್ಲಿಯ ಜರ್ಮನಿ, ಆಂಧ್ರ–ಕರ್ನಾಟಕ ಗಡಿಯಲ್ಲಿ ಅನಂತಪುರ ಜಿಲ್ಲೆಗೆ ಸೇರಿದ ಎಲ್ಲಿಯ ನಮ್ಮ ಬ್ರಹ್ಮಸಮುದ್ರ ಎಂದು ನೀವು ಕೇಳಬಹುದು. ಆ ಪದವನ್ನು ದಿನದಿನವೂ ಬಾಯಲ್ಲಿ ಇಟ್ಟುಕೊಂಡು ಬಂದ ಕೆಲವರು ಕನ್ನಡ ನಾಡಿನಲ್ಲಿ ಬಾಳಿ, ನಮ್ಮ ಭಕ್ತಿಯ ಹಾಡುಗಳನ್ನೂ ಪುರಾಣಗಳನ್ನೂ ಅಚ್ಚುಹಾಕಿಸಿ, ನಮ್ಮ ನುಡಿಗೆ ದೊಡ್ಡ ನಿಘಂಟನ್ನು ಕಟ್ಟಿಕೊಟ್ಟು ಹೋದರು. ಅವರ ಪದದ ಬೇರನ್ನು ಕೆದಕುತ್ತ ಹೋದರೆ ನಮ್ಮದೇ ಅಚ್ಚಗನ್ನಡದ ಒಂದು ಪದ ಎದುರಾಗುತ್ತದೆ. ಆ ದಾರಿಯಲ್ಲಿ ಇವತ್ತು ನಿಮ್ಮೊಡನೆ ಒಂದಿಷ್ಟು ದೂರ ನಡೆಯಬೇಕೆಂದಿದ್ದೇನೆ.

ಮೊದಲು ಪದವನ್ನು ಬಿಡಿಸೋಣ. ‘ಅನ್’ ಎಂದರೆ ಒಂದರ ಕಡೆಗೆ, ಒಂದಕ್ಕೆ ತಾಗಿ. ‘ಡಖ್ಟ್’ ಬಂದದ್ದು ‘ಡೆಂಕೆನ್’ ಎಂಬ ಕ್ರಿಯಾಪದದಿಂದ. ಡೆಂಕೆನ್ ಎಂದರೆ ಯೋಚಿಸು, ನೆನೆ. ಎರಡನ್ನೂ ಕೂಡಿಸಿದರೆ, ಮನಸ್ಸು ಒಂದರ ಕಡೆಗೆ ತಿರುಗಿ ಅದನ್ನೇ ನೆನೆಯುವುದು. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಜರ್ಮನ್‌ನಲ್ಲಿ ಇದರ ರೂಪ ‘ಅನದಾಹ್ಟ್’. ಆಗ ಅದರಲ್ಲಿ ದೇವರ ಮಾತೇ ಇರಲಿಲ್ಲ. ಬರಿಯ ಗಮನ, ಲಕ್ಷ್ಯ ಎಂಬುದಷ್ಟೇ ಅರ್ಥ. ಯಾವುದರ ಮೇಲೆ ಮನಸ್ಸಿಟ್ಟರೂ ಅದು ಅನದಾಹ್ಟ್. ಹನ್ನೆರಡನೆಯ ಶತಮಾನದಿಂದ ಈಚೆಗೆ ಆ ಗಮನ ದೇವರ ಕಡೆಗೆ ತಿರುಗಿತು. ದೇವರನ್ನು ನೆನೆಯುವುದು ಎಂಬ ಅರ್ಥ ಬಲಿಯಿತು; ಬರಬರುತ್ತ ಭಕ್ತಿ, ಪ್ರಾರ್ಥನೆ ಎಂಬ ಅರ್ಥಗಳು ಮುಂದೆ ಬಂದು ಬರಿಯ ಗಮನ ಎಂಬುದು ಹಿಂದಕ್ಕೆ ಸರಿಯಿತು. ನಮ್ಮಲ್ಲಿ ಬಸವಣ್ಣನವರು ಕಲ್ಯಾಣದಲ್ಲಿದ್ದ ಶತಮಾನವೂ ಅದೇ. ಒಂದಕ್ಕೊಂದು ಸಂಬಂಧವಿಲ್ಲ, ಕಾಲ ಮಾತ್ರ ಒಂದು.

ಈ ಪದ ಹಿಡಿದ ದಾರಿ ಎಷ್ಟು ಬೇರೆ ಎಂಬುದು ಪಕ್ಕದ ಲ್ಯಾಟಿನ್ ಜೊತೆ ಇಟ್ಟು ನೋಡಿದರೆ ತಿಳಿಯುತ್ತದೆ. ಅಂದಿನ ಚರ್ಚಿನ ಭಾಷೆ ಲ್ಯಾಟಿನ್. ಅದರಲ್ಲಿ ಭಕ್ತಿಗೆ ‘ಡಿವೋಷಿಯೊ’ ಎನ್ನುತ್ತಿದ್ದರು. ಇಂಗ್ಲಿಷಿನ ಡಿವೋಷನ್ ಬಂದದ್ದು ಅಲ್ಲಿಂದಲೇ. ಅದರ ಬೇರಿನಲ್ಲಿರುವುದು ಹರಕೆ. ನನ್ನನ್ನು ನಿನಗೆ ಒಪ್ಪಿಸಿದ್ದೇನೆ ಎಂದು ಮಾತು ಕೊಡುವುದು. ಇನ್ನೂ ಹಿಂದಿನ ರೋಮಿನಲ್ಲಿ, ಯುದ್ಧದಲ್ಲಿ ಸೋಲು ಕಣ್ಣೆದುರು ನಿಂತಾಗ ಸೇನಾಪತಿ ತನ್ನ ಪ್ರಾಣವನ್ನೇ ದೇವತೆಗಳಿಗೆ ಮುಡಿಪು ಮಾಡಿ ಶತ್ರುಗಳ ನಡುವೆ ನುಗ್ಗುತ್ತಿದ್ದುದಕ್ಕೂ ಇದೇ ಹೆಸರಿತ್ತು. ಜರ್ಮನರು ಅಂಥ ಪದಕ್ಕೆ ಸಾಟಿಯಾಗಿ ತಮ್ಮ ನುಡಿಯಿಂದ ಎತ್ತಿಕೊಂಡದ್ದು ಹರಕೆಯ ಪದವನ್ನಲ್ಲ, ಮುಡಿಪಿನ ಪದವನ್ನಲ್ಲ. ಗಮನವಿಡುವುದು ಎಂಬ ದಿನಬಳಕೆಯ ಪದವನ್ನು. ಕೊಡುವುದಕ್ಕೆ ಕೈಯಲ್ಲಿ ಏನೂ ಇಲ್ಲದವನೂ ಗಮನವನ್ನು ಕೊಡಬಲ್ಲ. ಈ ಪದದ ಹಿರಿಮೆ ನನಗೆ ಕಾಣುವುದು ಇಲ್ಲಿ.

ಅನ್‌ಡಖ್ಟ್‌ನ ಒಡಹುಟ್ಟುಗಳೂ ಹತ್ತಿರದವೇ. ‘ಅನ್‌ಡೆಂಕೆನ್’ ಎಂದರೆ ನೆನಪು. ಪ್ರವಾಸ ಹೋದವರು ಕೊಂಡು ತರುವ ನೆನಪಿನ ಕಾಣಿಕೆಗೂ ಅದೇ ಹೆಸರು. ‘ಗೆಡೆಖ್ಟ್‌ನಿಸ್’ ಎಂದರೆ ನೆನಪಿನ ಶಕ್ತಿ. ಉಪಕಾರ ಸ್ಮರಣೆಯ ‘ಡಾಂಕೆನ್’ ಕೂಡ ಇದೇ ಬಳ್ಳಿಯ ಕುಡಿ. ಒಬ್ಬರು ಮಾಡಿದ್ದನ್ನು ನೆನೆಯುವುದೇ ಅವರಿಗೆ ವಂದನೆ ಎಂಬ ತಿಳಿವು ಆ ನುಡಿಯ ಒಳಗೇ ಕೂತಿದೆ. ನೆನಪು, ಕೃತಜ್ಞತೆ, ಭಕ್ತಿ, ಈ ಮೂರೂ ಒಂದೇ ಮನೆಯ ಮಕ್ಕಳು.

ಭಕ್ತಿಗೆ ಜರ್ಮನ್‌ನಲ್ಲಿ ಬೇರೆ ಪದಗಳಿಲ್ಲ ಎಂದಲ್ಲ. ‘ಇನ್‌ಬ್ರುನ್‌ಸ್ಟ್’ ಎಂದರೆ ಒಳಗಿನ ಉರಿ. ಮಧ್ಯಯುಗದ ಅನುಭಾವಿಗಳ ಬಾಯಲ್ಲಿ ಬೆಳೆದ ಪದ. ‘ಹಿನ್‌ಗಾಬೆ’ ಎಂದರೆ ತನ್ನನ್ನು ಕೊಟ್ಟುಕೊಳ್ಳುವುದು, ನಮ್ಮ ಸಮರ್ಪಣೆ. ದೈವಭಕ್ತನಿಗೆ ಹೇಳುವ ‘ಫ್ರೊಮ್’ ಎಂಬ ಪದ ಮೊದಲು ಪ್ರಯೋಜಕ, ಗಟ್ಟಿಗ, ಧೀರ ಎಂಬ ಅರ್ಥದಲ್ಲಿತ್ತು. ಮಾರ್ಟಿನ್ ಲೂಥರನ ಕಾಲದ ಹೊತ್ತಿಗೆ ಅದು ದೇವರಿಗೆ ನಡೆದುಕೊಳ್ಳುವವನ ಗುಣವಾಯಿತು. ಉರಿಯುವುದು, ಕೊಟ್ಟುಕೊಳ್ಳುವುದು, ಕೆಲಸಕ್ಕೆ ಬರುವುದು, ನೆನೆಯುವುದು. ಒಂದೊಂದು ಪದವೂ ಭಕ್ತಿಯ ಒಂದೊಂದು ಮುಖವನ್ನು ಹಿಡಿದಿದೆ. ಆದರೆ ದಿನಾ ಬೆಳಗಿನ ಪ್ರಾರ್ಥನೆಗೆ ಅವರು ಇಟ್ಟುಕೊಂಡ ಹೆಸರು ನೆನೆಯುವುದರದು.

ಈಗ ನಮ್ಮ ಪದಗಳ ಕಡೆ ಬರೋಣ. ‘ಭಕ್ತಿ’ ಸಂಸ್ಕೃತದ ‘ಭಜ್’ ಎಂಬ ಧಾತುವಿನದು. ಅದರ ಮೊದಲ ಅರ್ಥ ಹಂಚು, ಪಾಲು ಪಡೆ. ಭಾಗ, ವಿಭಾಗ, ವ್ಯಾಕರಣದ ವಿಭಕ್ತಿ, ಎಲ್ಲ ಅದರ ಸಂತಾನ. ಸಂಸ್ಕೃತದಲ್ಲಿ ‘ಭಕ್ತ’ ಎಂದರೆ ಪಾಲಿಗೆ ಬಂದ ಅನ್ನ ಎಂಬ ಅರ್ಥವೂ ಇದೆ. ಅದೇ ಹಿಂದಿ ಮರಾಠಿಗಳ ‘ಭಾತ್’ ಆಗಿ, ನಮ್ಮ ಅಡುಗೆಮನೆಗೆ ವಾಂಗೀಬಾತ್, ಬಿಸಿಬೇಳೆಬಾತ್ ಆಗಿ ಬಂದಿದೆ. ದೇವರಲ್ಲಿ ಪಾಲುಗೊಳ್ಳುವವನು ಭಕ್ತ. ಹತ್ತು ಜನ ಕೂಡಿ ಪಾಲುಗೊಳ್ಳುವುದು ಭಜನೆ. ಭಕ್ತಿ ಎಂಬ ಪದದಲ್ಲಿ ಸಾಲಿನಲ್ಲಿ ಕೂತು ಒಟ್ಟಿಗೆ ಉಣ್ಣುವ ಸುಖವಿದೆ. ಪ್ರಸಾದ ಹಂಚದೆ ನಮ್ಮಲ್ಲಿ ಯಾವ ಭಜನೆಯೂ ಮುಗಿಯುವುದಿಲ್ಲವಲ್ಲ, ಅದು ಪದದ ಬೇರಿಗೆ ಒಪ್ಪುವ ನಡವಳಿಕೆ.

‘ಶ್ರದ್ಧೆ’ಯ ಕಥೆ ಇನ್ನೂ ಸೊಗಸು. ಅದು ಎದೆಯನ್ನು ಇಡುವುದು ಎಂಬ ಬಹು ಹಳೆಯ ಮಾತು. ಲ್ಯಾಟಿನ್‌ನಲ್ಲಿ ನಂಬುತ್ತೇನೆ ಎನ್ನಲು ಬಳಸುವ ‘ಕ್ರೇಡೊ’ ಅದರ ದೂರದ ದಾಯಾದಿ. ವೇದದ ಕಾಲದಲ್ಲಿ ಶ್ರದ್ಧೆ ಎಂದರೆ ದೇವತೆಗಳಲ್ಲಿ, ಯಜ್ಞದಲ್ಲಿ ನಂಬಿಕೆ. ಇಂದಿನ ಕನ್ನಡದಲ್ಲಿ? ಶ್ರದ್ಧೆಯಿಂದ ಓದು ಮಗಾ ಎನ್ನುತ್ತೇವೆ. ಕಮ್ಮಾರನೂ ನೇಕಾರನೂ ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ ಎನ್ನುತ್ತೇವೆ. ಜರ್ಮನರಲ್ಲಿ ಗಮನದ ಪದ ಭಕ್ತಿಯ ಪದವಾಯಿತು. ನಮ್ಮಲ್ಲಿ ನಂಬಿಕೆಯ ಪದ ಗಮನದ ಪದವಾಯಿತು. ಎರಡು ನುಡಿಗಳು ಎದುರುಬದುರು ದಿಕ್ಕಿನಿಂದ ನಡೆದು ಬಂದು ಒಂದೇ ಕಡೆ ಸಂಧಿಸಿವೆ. ಮನಸ್ಸಿಟ್ಟು ಮಾಡುವುದಕ್ಕೂ ಭಕ್ತಿಗೂ ನಡುವೆ ಗೋಡೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಎರಡು ನುಡಿಗಳು ನಿಜವಾಗಿ ಮುಖಾಮುಖಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ನಮ್ಮ ಈ ಸೀಮೆ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಅದರ ಹಿಂದೆಯೇ, 1834ರಲ್ಲಿ, ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಮಂಗಳೂರಿಗೆ ಬಂದರು. ಅವರಲ್ಲಿ ಹಲವರು ವ್ಯುರ್ಟೆಂಬರ್ಗ್ ಎಂಬ ದಕ್ಷಿಣ ಜರ್ಮನಿಯ ಸೀಮೆಯವರು. ಚರ್ಚಿನ ಆಡಂಬರಕ್ಕಿಂತ ಒಬ್ಬೊಬ್ಬನ ಒಳಗಿನ ಭಕ್ತಿ ದೊಡ್ಡದು ಎಂದು ನಂಬಿದ ಪಂಥ ಅಲ್ಲಿ ಬಲವಾಗಿತ್ತು. ಬೆಳಗಿನ ಅನ್‌ಡಖ್ಟ್ ಆ ಪಂಥದ ಮನೆಮನೆಯ ರೂಢಿ.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರನ್ನು ನಾವು 1843ರ ‘ಮಂಗಳೂರ ಸಮಾಚಾರ’ದಿಂದ, ಕನ್ನಡದ ಮೊದಲ ಪತ್ರಿಕೆಯಿಂದ, ನೆನೆಯುತ್ತೇವೆ. ಅದಕ್ಕಿಂತ ಆಳವಾದ ಕೆಲಸ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆ. 1848ರಿಂದ 1853ರವರೆಗೆ ಆ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಂದವು. ಅಷ್ಟರವರೆಗೆ ಹಾಡುವವರ ಕೊರಳಲ್ಲಿ, ಓಲೆಗರಿಯಲ್ಲಿ, ಕೈಬರಹದಲ್ಲಿ ಉಳಿದಿದ್ದ ದಾಸರ ಪದಗಳು ಮುದ್ರಿತ ಹಾಳೆಗೆ ಬಂದವು. ಮುಂದೆ ಸ್ವದೇಶಕ್ಕೆ ಹೋದ ಮೇಲೆ ಮೋಗ್ಲಿಂಗ್ ಕೆಲವು ಪದಗಳನ್ನು ಜರ್ಮನ್‌ಗೆ ಅನುವಾದಿಸಿ, 1860ರಿಂದ ಮೊದಲುಗೊಂಡು ಅಲ್ಲಿನ ಪ್ರಾಚ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. ಧರ್ಮ ಪ್ರಚಾರಕ್ಕೆಂದು ಬಂದವರು ಅವರು. ನಮ್ಮ ದೇವರುಗಳನ್ನು ಒಪ್ಪಿದವರಲ್ಲ. ಆದರೂ ಹರಿದಾಸರು ಹೇಳಿದ್ದನ್ನು ಕಿವಿಗೊಟ್ಟು ಕೇಳಿದರು, ಅಕ್ಷರ ಅಕ್ಷರವಾಗಿ ಉಳಿಸಿದರು. ಒಪ್ಪದವರ ಮಾತಿಗೂ ಅಷ್ಟು ಗಮನ ಕೊಡುವುದು ಸಣ್ಣ ಗುಣವಲ್ಲ.

ಬಸವಪುರಾಣದ ಸಂಗತಿಯಂತೂ ನಮ್ಮಂಥ ಗಡಿಯವರಿಗೆ ಮನೆಯ ಕಥೆಯೇ ಸರಿ. ಅದನ್ನು ಮೊದಲು ಬರೆದವನು ತೆಲುಗಿನ ಪಾಲ್ಕುರಿಕೆ ಸೋಮನಾಥ. ಕಲ್ಯಾಣದ ಕನ್ನಡ ಶರಣರ ಬದುಕು ತೆಲುಗಿನಲ್ಲಿ ಕಾವ್ಯವಾಯಿತು. 1369ರಲ್ಲಿ ಭೀಮಕವಿ ಅದನ್ನು ಕನ್ನಡ ಷಟ್ಪದಿಗೆ ಕರೆತಂದ. ಐದು ಶತಮಾನ ಕಳೆದ ಮೇಲೆ ಬಾಸೆಲ್ ಮಿಷನ್ನಿನ ವ್ಯುರ್ತ್ ಎಂಬ ಪಾದ್ರಿ ಆ ಕನ್ನಡ ಪುರಾಣವನ್ನು ಇಂಗ್ಲಿಷಿಗೆ ಮಾಡಿದ. ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1860ರ ದಶಕದಲ್ಲಿ ಅದು ಅಚ್ಚಾಯಿತು. ಭಕ್ತರ ಕಥೆಗೆ ನಾಡಿನ ಗಡಿ ಎಂದೂ ಅಡ್ಡ ಬಂದಿಲ್ಲ. ಒಂದೇ ಊರಿನ ಎರಡು ಬೀದಿಗಳಲ್ಲಿ ಎರಡು ನುಡಿ ಆಡುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅದೇ ಮಿಷನ್ನಿನ ಫರ್ಡಿನಂಡ್ ಕಿಟೆಲ್ ಅವರ ಹೆಸರು ಹೇಳದೆ ಈ ಮಾತು ಪೂರ್ತಿಯಾಗದು. 1832ರಲ್ಲಿ ಜರ್ಮನಿಯ ವಾಯವ್ಯ ಮೂಲೆಯ ರೆಸ್ಟರ್‌ಹಾಫೆ ಎಂಬಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿದವರು. ನಾಗವರ್ಮನ ಛಂದೋಂಬುಧಿಯನ್ನೂ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ, 1,700ಕ್ಕೂ ಹೆಚ್ಚು ಪುಟಗಳಿವೆ. ಹಳೆಯ ಕಾವ್ಯದ ಪ್ರಯೋಗಗಳ ಪಕ್ಕದಲ್ಲೇ ಹಳ್ಳಿಯ ಗಾದೆಗಳಿಗೂ ಜಾಗ ಕೊಟ್ಟರು. ತಮಿಳು, ತೆಲುಗು, ಮಲಯಾಳ, ತುಳುಗಳ ನಂಟನ್ನು ಪದಪದಕ್ಕೂ ಹುಡುಕಿ ಗುರುತಿಸಿದರು. ಎರಡು ದಶಕದ ಕೆಲಸ ಅದು. ಆರೋಗ್ಯ ಕೆಟ್ಟಿತು, ಕಣ್ಣು ಸೋತವು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಗೌರವ ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಅವರು ತೀರಿಕೊಂಡರು. ಒಂದು ಪದವನ್ನು ಹಿಡಿದು, ಅದು ಯಾರ ಬಾಯಲ್ಲಿ ಹೇಗಿದೆ, ಯಾವ ಕವಿಯಲ್ಲಿ ಹೇಗೆ ಬಂದಿದೆ ಎಂದು ಎಪ್ಪತ್ತು ಸಾವಿರ ಸಲ ಕೇಳಿಕೊಂಡ ಮನುಷ್ಯ. ಅನ್‌ಡಖ್ಟ್ ಎಂಬುದರ ಹಳೆಯ ಅರ್ಥ, ಹೊಸ ಅರ್ಥ ಎರಡೂ ಅವರ ಕೆಲಸದಲ್ಲಿ ಒಂದಾಗಿವೆ ಎಂದು ನಾನು ತಿಳಿದಿದ್ದೇನೆ.

ಅದೇ ಟ್ಯೂಬಿಂಗೆನ್ನಿನಲ್ಲಿ ಓದಿದ ತತ್ವಜ್ಞಾನಿ ಹೆಗೆಲ್ 1807ರ ತನ್ನ ಗ್ರಂಥವೊಂದರಲ್ಲಿ ಈ ಪದದ ಒಡಲನ್ನೇ ಹಿಡಿದು ವಿಚಾರ ಮಾಡುತ್ತಾನೆ. ಅನ್‌ಡಖ್ಟ್ ಎಂದರೆ ಚಿಂತನೆಯ ಕಡೆಗೆ ಹೊರಟ ಮನಸ್ಸು. ಆದರೆ ಅದಿನ್ನೂ ಚಿಂತನೆಯನ್ನು ಮುಟ್ಟಿಲ್ಲ, ಗಂಟೆಯ ನಾದದಂತೆ ಆಕಾರವಿಲ್ಲದೆ ಮೊಳಗುತ್ತಿದೆ ಎಂಬುದು ಅವನ ಆಕ್ಷೇಪ. ಅವನಿಗೆ ಅದು ಕೊರತೆಯಾಗಿ ಕಂಡಿತು. ನಮ್ಮ ಶರಣರನ್ನೂ ದಾಸರನ್ನೂ ಓದಿದವರಿಗೆ ಹಾಗೆ ಅನ್ನಿಸಲಾರದು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ರೆಪ್ಪೆ ಬಡಿಯದೆ ನೋಡುವವನು ಸಿದ್ಧಾಂತವನ್ನು ಕಟ್ಟುತ್ತಿಲ್ಲ, ನಿಜ. ಆದರೆ ಹರಿದಾಡುವ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತಿದ್ದಾನೆ. ಭಾಗವತ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಮೊದಲನೆಯದು ಶ್ರವಣ, ಎರಡನೆಯದು ಕೀರ್ತನ, ಮೂರನೆಯದು ಸ್ಮರಣ. ಕೇಳುವುದು, ಹಾಡುವುದು, ನೆನೆಯುವುದು. ಪೂಜೆ, ವಂದನೆಗಳೆಲ್ಲ ಆಮೇಲೆ ಬರುತ್ತವೆ. ಯೋಚನೆಗೆ ನೆಲ ಹದ ಮಾಡುವುದೇ ಗಮನ. ಆ ಹದವೇ ಒಂದು ಫಲ.

ಇಷ್ಟು ದೂರ ಬಂದ ಮೇಲೆ ಅನ್‌ಡಖ್ಟ್‌ಗೆ ಅತಿ ಹತ್ತಿರದ ಕನ್ನಡ ಪದ ಯಾವುದು ಎಂಬುದು ನಿಮಗೆ ಹೊಳೆದಿರಬೇಕು. ಅದು ‘ನೆನೆ’. ತಮಿಳಿನ ನಿನೈ, ತುಳುವಿನ ನೆನೆಪುನಿ ಇದರ ಬಂಧುಗಳು. ಸಂಸ್ಕೃತದಿಂದ ಎರವಲು ತಂದದ್ದಲ್ಲ, ದ್ರಾವಿಡದ ಸ್ವಂತ ಆಸ್ತಿ. ವಚನಕಾರರ ‘ನೆನಹು’ ಇದರಿಂದಲೇ ಆದದ್ದು. ಯೋಚಿಸುವುದು, ಜ್ಞಾಪಿಸಿಕೊಳ್ಳುವುದು, ದೇವರನ್ನು ಧ್ಯಾನಿಸುವುದು, ಮೂರಕ್ಕೂ ಒಂದೇ ಕ್ರಿಯಾಪದ. ನಮ್ಮಜ್ಜಿ ಸಂಜೆ ದೀಪ ಹಚ್ಚಲು ಹೇಳುವಾಗ, ‘ದ್ಯಾವ್ರನ್ನ ನೆನ್ಸ್ಕಂಡು ಹಚ್ಚವ್ವ’ ಅನ್ನುತ್ತಿದ್ದಳು. ಬಿತ್ತನೆಗೆ ಕೂರಿಗೆ ಹೂಡುವಾಗಲೂ ಅದೇ ಮಾತು. ಮಂತ್ರ ಗೊತ್ತಿರಬೇಕು ಎಂದು ಅವಳು ಕೇಳಲಿಲ್ಲ, ಕಾಣಿಕೆ ಇಡು ಎನ್ನಲಿಲ್ಲ. ಮನಸ್ಸು ಒಂದು ಗಳಿಗೆ ಆ ಕಡೆ ತಿರುಗಲಿ ಎಂದಳು, ಅಷ್ಟೆ.

ದೇವರಿಗೆ ಬಳಸುವ ಈ ಪದವನ್ನೇ ನಾವು ಮನುಷ್ಯರಿಗೂ ಬಳಸುತ್ತೇವೆ. ಉಣ್ಣುವಾಗ ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುತ್ತೇವೆ. ಪಕ್ಕದ ಮನೆಯ ತೆಲುಗು ಅಮ್ಮನೂ ಅದೇ ನಂಬಿಕೆಯಿಂದ ‘ಎವರೋ ತಲುಚುಕುಂಟುನ್ನಾರು’ ಎನ್ನುತ್ತಾಳೆ. ಮಾತು ಬೇರೆ, ಭಾವ ಒಂದೇ. ಅಂದುಕೊಂಡಾಗಲೇ ಬಾಗಿಲಲ್ಲಿ ಬಂದು ನಿಂತವರಿಗೆ, ‘ಈಗತಾನೇ ನೆನೆಸಿದೆ, ನಿನಗೆ ನೂರು ವರ್ಷ ಆಯುಸ್ಸು’ ಎಂದು ಹರಸುತ್ತೇವೆ. ಒಬ್ಬರನ್ನು ನೆನೆದರೆ ಆ ನೆನಹು ಅವರನ್ನು ಮುಟ್ಟುತ್ತದೆ ಎಂಬ ಗಟ್ಟಿ ನಂಬಿಕೆ ಈ ಮಾತುಗಳ ಹಿಂದಿದೆ. ಭಕ್ತಿಗೂ ಇರುವುದು ಇದೇ ನಂಬಿಕೆ.

ಕನ್ನಡದಲ್ಲಿ ಇನ್ನೊಂದು ‘ನೆನೆ’ ಇದೆ: ಮಳೆಗೆ ನೆನೆ, ಕಾಳು ನೆನೆ. ಕಿವಿಗೆ ಎರಡೂ ಒಂದೇ. ಹುಟ್ಟಿನಲ್ಲಿ ಬೇರೆ ಬೇರೆ. ತಮಿಳಿನಲ್ಲಿ ಒಂದು ನಿನೈ, ಇನ್ನೊಂದು ನನೈ ಎಂದು ಇವತ್ತಿಗೂ ಪ್ರತ್ಯೇಕ ನಿಂತಿರುವುದರಿಂದ ಇದು ಸ್ಪಷ್ಟ. ಹಾಗಾಗಿ ಒಂದರಿಂದ ಇನ್ನೊಂದು ಹುಟ್ಟಿತು ಎಂದು ಹೇಳುವಂತಿಲ್ಲ. ಆದರೆ ನಮ್ಮ ಬದುಕಿನಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಬಂದು ಕೂತಿವೆ. ಹಬ್ಬದ ದಿನ ನೆನೆಯಕ್ಕಿ, ನೆನೆಗಡಲೆಗೆ ಬೆಲ್ಲ, ಕೊಬ್ಬರಿ ಬೆರೆಸಿ ದೇವರ ಮುಂದಿಟ್ಟು ಆ ದೇವರನ್ನು ನೆನೆಯುತ್ತೇವೆ. ದೇಶದಲ್ಲೇ ಅತಿ ಕಡಿಮೆ ಮಳೆ ಕಾಣುವ ಜಿಲ್ಲೆಗಳಲ್ಲಿ ಒಂದು ನಮ್ಮ ಅನಂತಪುರ. ನೆಲ ನೆನೆದರೇ ಕಡಲೆಕಾಯಿ ಬೆಳೆ. ನೆಲ ನೆನೆಯಲಿ ಎಂದು ದೇವರನ್ನು ನೆನೆದವರು ಈ ಸೀಮೆಯಲ್ಲಿ ಎಷ್ಟು ತಲೆಮಾರೋ! ಎರಡು ಪದಗಳನ್ನು ಭಾಷೆಯ ಚರಿತ್ರೆ ಬೇರೆ ಇಟ್ಟಿದ್ದರೂ ಬರಗಾಲದ ಬದುಕು ಒಟ್ಟಿಗೆ ಹೆಣೆದಿದೆ.

ಕೇಳುಗರೇ, ಭಕ್ತಿ ಎಂದರೆ ಏನು ಎಂದು ಕೇಳಿದರೆ ನಾನು ಈ ಎರಡು ಪದಗಳನ್ನು ತೋರಿಸುತ್ತೇನೆ: ಅವರ ಅನ್‌ಡಖ್ಟ್, ನಮ್ಮ ನೆನೆ. ಎರಡೂ ಹೇಳುವುದು ಒಂದೇ. ಗುಡಿಯ ಎತ್ತರವಲ್ಲ, ಧ್ವನಿವರ್ಧಕದ ಸದ್ದಲ್ಲ, ಹರಕೆಯ ಮೊತ್ತವಲ್ಲ. ಮನಸ್ಸು ಯಾವ ಕಡೆ ತಿರುಗಿದೆ ಎಂಬುದು. ಮನಸ್ಸನ್ನು ಗಳಿಗೆಗೊಂದು ಕಡೆ ಎಳೆಯುವ ನೂರು ವಸ್ತುಗಳು ಈಗ ನಮ್ಮ ಅಂಗೈಯಲ್ಲೇ ಇವೆ. ಇಂಥ ಹೊತ್ತಿನಲ್ಲಿ ಒಂದನ್ನು ಪೂರ್ತಿಯಾಗಿ ನೆನೆಯುವುದನ್ನು ಕಲಿಯುವುದು, ಮಕ್ಕಳಿಗೆ ಕಲಿಸುವುದು, ನಂಬುವವರಿಗೂ ನಂಬದವರಿಗೂ ಬೇಕಾದ ವಿದ್ಯೆ.

ಕೊನೆಗೆ ಒಂದು ವಿನಂತಿ. ಈ ಗಡಿಯ ಊರುಗಳ ಶಾಲೆಗಳಲ್ಲಿ ಕನ್ನಡ ಓದುವ ಮಕ್ಕಳು ಇದ್ದಾರೆ. ಭಜನೆಯ ಮನೆಗಳಲ್ಲಿ ಕನ್ನಡ ಪದ, ತೆಲುಗು ತತ್ವಪದ ಎರಡನ್ನೂ ಬಲ್ಲ ಹಿರಿಯರು ಇದ್ದಾರೆ. ಅವರ ಪಕ್ಕ ಮಕ್ಕಳನ್ನು ಕೂರಿಸಿ. ಹಿರಿಯರು ಬಳಸುವ ಮಾತುಗಳನ್ನು, ಅವರು ಹೇಳುವ ಅರ್ಥದೊಡನೆ, ಒಂದು ನೋಟ್ ಪುಸ್ತಕದಲ್ಲಿ ಬರೆಸಿ. ಏಳು ಸಮುದ್ರದ ಆಚೆಯಿಂದ ಬಂದವರು ನಮ್ಮ ನುಡಿಗೆ ಅಷ್ಟು ಗಮನ ಕೊಟ್ಟರು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಾವು ಅಷ್ಟನ್ನು ಖಂಡಿತ ಕೊಡಬಲ್ಲೆವು, ಕೊಡಲೇಬೇಕು.